ಅಪ್‌ಡೇಟ್: ಬಿಎಡ್ ಬಿಟ್ಟು ಪಿಎಚ್‌ಡಿಗೆ ಸೇರಿದೆ

ಹೋದ ವರ್ಷ ಇಲ್ಲಿ ಕೇಳಿದ್ದೆ: ಧಾರವಾಡದಲ್ಲಿ ಮನಃಶಾಸ್ತ್ರ ಎಂಎ ಮುಗಿದಿದೆ, ಮನೆಯಲ್ಲಿ ಬಿಎಡ್ ಅನ್ನುತ್ತಾರೆ, ನನಗೆ ಪ್ರವಾಹದ ಅಪಾಯವನ್ನು ಜನ ಮನಸ್ಸಿನಲ್ಲಿ ಹೇಗೆ ಅಳೆಯುತ್ತಾರೆ ಅನ್ನೋದರ ಮೇಲೆ ಪಿಎಚ್‌ಡಿ ಮಾಡೋ ಆಸೆ, ಏನು ಮಾಡಲಿ ಅಂತ. ಎರಡನೇ ಸಲಕ್ಕೆ ನೆಟ್ ಅರ್ಹತಾ ಪರೀಕ್ಷೆ ಪಾಸಾಯಿತು, ಪಿಎಚ್‌ಡಿಗೆ ಸೇರಿದ್ದೇನೆ. ಅಪ್ಪ ಇನ್ನೂ ಪೂರ್ತಿ ಒಪ್ಪಿಲ್ಲ.

"ಮೊದಲು ಹಳ್ಳಿಯಲ್ಲಿ ಕೂತು ಬಾ, ಪ್ರಶ್ನಾವಳಿ ಆಮೇಲೆ" ಅಂದಿದ್ದವರಿಗೆ ದೊಡ್ಡ ನಮಸ್ಕಾರ. ನರಗುಂದ ತಾಲ್ಲೂಕಿನ ಮಲಪ್ರಭಾ ದಂಡೆಯ ಊರಿಗೆ ಹೋದೆ. "ಹೊಳಿ ಮತ್ತ ಬರೋ ಭಯ ಒಂದರಿಂದ ಐದರಾಗ ಎಷ್ಟ್ರೀ?" ಅಂದರೆ ಎಲ್ಲರದ್ದೂ ಒಂದೇ ಉತ್ತರ, "ದೇವರು ನಡಿಸಿದಂಗ." ಕೊನೆಗೆ ಹೊಳೆಯ ಭಯಕ್ಕೊಂದು, ಊರು ಬಿಟ್ಟು ಹೊಸ ಜಾಗಕ್ಕೆ ಸ್ಥಳಾಂತರವಾಗೋ ಭಯಕ್ಕೊಂದು ಬಟ್ಟಲು ಇಟ್ಟು, ಹತ್ತು ಜೋಳದ ಕಾಳು ಕೊಟ್ಟು, ಭಯ ಎಷ್ಟೋ ಅಷ್ಟು ಹಾಕ್ರಿ ಅಂದೆ. ಒಬ್ಬ ಆಯಿ ಹೊಳೆಯ ಬಟ್ಟಲಿಗೆ ಎರಡೇ ಹಾಕಿದರು. ಅವರ ಹಿಂದಿನ ಗೋಡೆಯ ಮೇಲೆ 2019ರ ಆಗಸ್ಟಿನ ನೀರಿನ ಕಲೆ ತಲೆಗಿಂತ ಎತ್ತರಕ್ಕಿತ್ತು! "ಹೊಳಿ ನಮ್ಮದ ಯವ್ವಾ. ಆ ಹೊಸಾ ಮನಿ ಕಡೆ ಗುರ್ತಿನವರು ಯಾರದಾರ?" ಅಂತ ಉಳಿದ ಎಂಟನ್ನೂ ಸ್ಥಳಾಂತರದ ಬಟ್ಟಲಿಗೆ ಸುರಿದರು.

ಜನ ಅಪಾಯವನ್ನು ಹೇಗೆ ಕಾಣುತ್ತಾರೆ ಅಂತ ಅಧ್ಯಯನ ಮಾಡಿದ ಅಮೆರಿಕದ ಮನಃಶಾಸ್ತ್ರಜ್ಞ ಪಾಲ್ ಸ್ಲೋವಿಕ್ 1987ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬರೆದದ್ದು ಅವತ್ತು ನನಗೆ ನಿಜಕ್ಕೂ ತಿಳಿಯಿತು: ಜನ ಸಾವಿನ ಲೆಕ್ಕವನ್ನಷ್ಟೇ ನೋಡುವುದಿಲ್ಲ, ಅಪಾಯ ಎಷ್ಟು ಭೀಕರ, ಎಷ್ಟು ಅಪರಿಚಿತ ಅನ್ನೋದನ್ನೂ ನೋಡುತ್ತಾರೆ. ಆಯಿಗೆ ಹೊಳೆ ಪರಿಚಿತ, ಹೊಸ ಜಾಗ ಅಪರಿಚಿತ. ಇಂಥವರನ್ನು 'ತಿಳಿವಳಿಕೆ ಇಲ್ಲದವರು' ಅನ್ನೋದು ಅನ್ಯಾಯ.

ಹಾಗಾಗಿ ವಿಷಯ ಬದಲಿಸಿದೆ. ಪ್ರವಾಹದ ಭಯ, ಊರು ಬಿಡುವ ಭಯ ಎರಡನ್ನೂ ಜೊತೆಗಿಟ್ಟು ಕೇಳುತ್ತೇನೆ. ಮಳೆಗಾಲದ ಮುಂಚೆ ಬೆಣ್ಣೆಹಳ್ಳದ ದಂಡೆಯ ಊರುಗಳಿಗೆ ಹೊರಟಿದ್ದೇನೆ. ಕಾಳಿನ ಸಂಚಿ ಜೊತೆಗಿದೆ.