ಅಮೀರಬಾಯಿ ಕರ್ನಾಟಕಿ ಕುರಿತ ಸಾಕ್ಷ್ಯಚಿತ್ರ: ‘ಕಿಸ್ಮತ್’ ದೃಶ್ಯ ಬಳಸಬಹುದೇ?

ಪ್ರಶ್ನೆ (ವಿಜಯಪುರದಿಂದ):
ಬೀಳಗಿಯಲ್ಲಿ ಹುಟ್ಟಿ, ಮುಂಬಯಿ ಚಿತ್ರರಂಗದಲ್ಲಿ ನಟಿಯಾಗಿಯೂ ಗಾಯಕಿಯಾಗಿಯೂ ಹೆಸರಾದ ಅಮೀರಬಾಯಿ ಕರ್ನಾಟಕಿಯವರ ಬದುಕಿನ ಮೇಲೆ ನಾವು ನಾಲ್ವರು ಗೆಳೆಯರು ಅರ್ಧ ಗಂಟೆಯ ಸಾಕ್ಷ್ಯಚಿತ್ರ ಮಾಡಲು ಹೊರಟಿದ್ದೇವೆ. ನಮ್ಮೂರಿನ ಹುಡುಗರಿಗೆ ಅಮೀರ್ ಟಾಕೀಸ್ ಗೊತ್ತು, ಆ ಹೆಸರು ಯಾರದೆಂದು ಗೊತ್ತಿಲ್ಲ. 1943ರ ‘ಕಿಸ್ಮತ್’ನ ಹಾಡಿನ ದೃಶ್ಯದಿಂದ ಆರಂಭಿಸುವ ಯೋಚನೆಯಿದೆ. ಇದಕ್ಕೆ ಅನುಮತಿ ಬೇಕೆ? ಒಳ್ಳೆಯ ಪ್ರತಿ ಎಲ್ಲಿ ಸಿಕ್ಕೀತು?

ಉತ್ತರ (ಬೆಳಗಾವಿಯಿಂದ):
ನಮ್ಮ ಹಕ್ಕುಸ್ವಾಮ್ಯ ಕಾಯ್ದೆಯಂತೆ ಚಲನಚಿತ್ರ ಮತ್ತು ಧ್ವನಿಮುದ್ರಣಗಳ ಹಕ್ಕು ಬಿಡುಗಡೆಯ ಮರುವರ್ಷದಿಂದ ಎಣಿಸಿ 60 ವರ್ಷ ಇರುತ್ತದೆ. ಆದ್ದರಿಂದ ‘ಕಿಸ್ಮತ್’ನದು 2003ಕ್ಕೇ ಮುಗಿದಿದೆ. ಆದರೆ ಹಾಡಿನ ಸಾಹಿತ್ಯ, ಸಂಗೀತಗಳ ಲೆಕ್ಕ ಬೇರೆ: ಅವುಗಳ ಹಕ್ಕು ಕರ್ತೃ ತೀರಿಕೊಂಡ ಮೇಲೂ 60 ವರ್ಷ ಉಳಿಯುತ್ತದೆ. ಹಾಡು ಬರೆದ ಕವಿ ಪ್ರದೀಪ್ ನಿಧನರಾದದ್ದು 1998ರಲ್ಲಿ, ಸಂಗೀತ ನಿರ್ದೇಶಕ ಅನಿಲ್ ಬಿಸ್ವಾಸ್ 2003ರಲ್ಲಿ. ಹಾಡನ್ನು ಪೂರ್ತಿ ಹಾಕುವುದಾದರೆ ವಕೀಲರನ್ನು ಕೇಳದೆ ಮುಂದುವರಿಯಬೇಡಿ. ಪ್ರತಿಗಾಗಿ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯಕ್ಕೆ ಪತ್ರ ಬರೆಯಿರಿ.

ಉತ್ತರ (ಬೀಳಗಿಯಿಂದ):
ಹಕ್ಕಿನ ಮಾತು ಹಾಗಿರಲಿ, ಆ ದೃಶ್ಯದಿಂದ ಆರಂಭಿಸುವುದೇ ನನಗೆ ಸರಿಕಾಣುವುದಿಲ್ಲ. ದನಿ ಅಮೀರಬಾಯಿಯವರದು, ಆದರೆ ಪರದೆಯ ಮೇಲೆ ತುಟಿ ಆಡಿಸುವವರು ಮುಮ್ತಾಜ್ ಶಾಂತಿ. ಅಮೀರಬಾಯಿಯವರನ್ನು ಎಂದೂ ಕಾಣದ ಪ್ರೇಕ್ಷಕ ಅದೇ ಮುಖವನ್ನು ಅವರದೆಂದು ನೆನಪಿಟ್ಟುಕೊಂಡು ಎದ್ದು ಹೋಗುತ್ತಾನೆ. 1944ರ ‘ರತನ್’ಗಾಗಿ ಸಂಗೀತ ನಿರ್ದೇಶಕ ನೌಶಾದ್ ಅವರು ಹಾಡಿಸಿದ್ದಕ್ಕೂ ಇದೇ ತೊಡಕು. ನಮ್ಮಜ್ಜನ ಟ್ರಂಕಿನಲ್ಲಿ ಅಮೀರಬಾಯಿಯವರದೊಂದು, ನಿಮಿಷಕ್ಕೆ 78 ಸುತ್ತು ತಿರುಗುವ ಗ್ರಾಮಫೋನ್ ಪ್ಲೇಟು ಇದೆ. ಅಂಚಿನಲ್ಲಿ ಚೂರು ಒಡೆದಿದೆ, ಲೇಬಲ್ಲಿನ ಅಕ್ಷರ ಅರ್ಧ ಅಳಿಸಿದೆ, ಆದರೂ ಚರಚರ ಸದ್ದಿನ ನಡುವೆ ಆ ಕಂಠ ಏಳುವಾಗ ಮನೆಯವರೆಲ್ಲ ಮಾತು ನಿಲ್ಲಿಸುತ್ತಾರೆ. ತಿರುಗುವ ಪ್ಲೇಟನ್ನೇ ತೋರಿಸಿ.

ಉತ್ತರ (ಬೆಳಗಾವಿಯಿಂದ):
ಒಪ್ಪಿದೆ. ಇನ್ನೊಂದು ಮಾತು: ಅವರ ಸಹೋದರಿ ಗೋಹರಬಾಯಿ ಮತ್ತು ಮರಾಠಿ ರಂಗನಟ ಬಾಲಗಂಧರ್ವರ ಕಥೆಯನ್ನು ಎರಡು ನಿಮಿಷಕ್ಕೆ ಮುಗಿಸಿ. ಅದರೊಳಗೆ ಹೊಕ್ಕರೆ ನಿಮ್ಮ ಅರ್ಧ ಗಂಟೆ ಅಲ್ಲಿಯೇ ಕರಗಿ, ಅಮೀರಬಾಯಿ ಮತ್ತೆ ಬೇರೊಬ್ಬರ ನೆರಳಾಗುತ್ತಾರೆ.

ಪ್ರಶ್ನೆ ಕೇಳಿದವರು:
ಆರಂಭವನ್ನು ಬದಲಿಸುತ್ತೇವೆ. ಬೀಳಗಿಯವರೇ, ಮುಂದಿನ ಭಾನುವಾರ ಕ್ಯಾಮೆರಾದೊಂದಿಗೆ ತಮ್ಮ ಮನೆಗೆ ಬರಬಹುದೇ?

ಉತ್ತರ (ಬೀಳಗಿಯಿಂದ):
ಅವಶ್ಯ ಬನ್ನಿ. ಗ್ರಾಮಫೋನಿನ ಸೂಜಿ ಸವೆದಿದೆ. ವಿಜಯಪುರದಲ್ಲಿ ಹೊಸದು ಸಿಕ್ಕರೆ ತನ್ನಿ.