ಸ್ಟೀಮ್‌ಗೆ ಶೇ. 30 ಕೊಡೋ ಬದಲು ನಾವೇ ಕ್ಯೂಆರ್ ಇಟ್ಟು ಗೇಮ್ ಮಾರಬಾರದಾ?

ಪಿಕ್ಸೆಲ್_ಪುಟ್ಟ: ಫ್ರೆಂಡ್ ಜೊತೆ ಸೇರ್ಕೊಂಡು ಒಂದು ಚಿಕ್ಕ ಪಿಸಿ ಗೇಮ್ ಮುಗಿಸಿದೀನಿ. ಆಡೋರು 335ಇ ಬಸ್ಸಿನ ಕಂಡಕ್ಟರ್. ಮೆಜೆಸ್ಟಿಕ್‌ನಿಂದ ಕಾಡುಗೋಡಿವರೆಗೂ ರಶ್ಶಲ್ಲಿ ಟಿಕೆಟ್ ಕೊಡ್ತಾ ಹೋಗಬೇಕು, ಚಿಲ್ಲರೆ ಇಲ್ಲ ಅಂದ್ರೆ ಟಿಕೆಟ್ ಹಿಂದೆ ಬಾಕಿ ಬರೆದುಕೊಡಬೇಕು, ಅವರು ಇಳಿಯೋದ್ರೊಳಗೆ ವಾಪಸ್ ಕೊಡದಿದ್ರೆ ಜಗಳ. ಬೆಲೆ 249 ರೂಪಾಯಿ ಅಂದ್ಕೊಂಡಿದೀವಿ. ಸ್ಟೀಮ್ ಅನ್ನೋ ಆನ್‌ಲೈನ್ ಗೇಮ್ ಅಂಗಡೀಲಿ ಹಾಕೋಕೆ ಮೊದಲು 100 ಡಾಲರ್ ಕಟ್ಟಬೇಕು, ಆಮೇಲೆ ಮಾರಾಟದಲ್ಲಿ ಶೇ. 30 ಅವರಿಗೆ. ಇಚ್.ಐಒ ಅನ್ನೋ ಇನ್ನೊಂದು ಗೇಮ್ ಸೈಟಲ್ಲಿ ಅವರ ಪಾಲು ಎಷ್ಟು ಅಂತ ನಾವೇ ಹೇಳಬಹುದು, ಸುಮ್ನೆ ಬಿಟ್ರೆ ಶೇ. 10. ಆದ್ರೆ ಅಲ್ಲಿ ಪೇಪಾಲ್ ಇಲ್ಲಾ ಕಾರ್ಡ್. ಪೇಪಾಲ್ ಅಂತೂ ಭಾರತದೊಳಗಿನ ಪೇಮೆಂಟನ್ನ 2021ರ ಏಪ್ರಿಲ್‌ನಲ್ಲೇ ನಿಲ್ಲಿಸಿದೆ. ಇಲ್ಲಿನ ಕಾಲೇಜು ಹುಡುಗರ ಹತ್ರ ಇರೋದು ಯುಪಿಐ. ನಮ್ಮದೇ ಪೇಜ್ ಮಾಡಿ ಕ್ಯೂಆರ್ ಹಾಕಿಬಿಟ್ರೆ ಹೇಗೆ?

ಹಳೇ_ಗೇಮರ್: ಶೇ. 30 ಅಂತ ಎಲ್ರೂ ಅಳ್ತಾರೆ. ಸ್ಟೀಮ್ 2015ರಿಂದ ರೂಪಾಯಲ್ಲೇ ಮಾರ್ತಿದೆ, ಯುಪಿಐ ಇದೆ, ನೆಟ್‌ಬ್ಯಾಂಕಿಂಗ್ ಇದೆ. ಡೌನ್‌ಲೋಡ್ ಸರ್ವರ್ ಅವರದು, ಅಪ್‌ಡೇಟ್ ಅವರದು, ರಿಫಂಡ್ ಅವರದು. ಆ 100 ಡಾಲರ್ ಕೂಡ ಗೇಮ್ 1,000 ಡಾಲರ್ ದುಡಿದ ಮೇಲೆ ವಾಪಸ್ ಬರುತ್ತೆ. ನಿನ್ನ ಪೇಜಿಗೆ ಯಾರು ಬರ್ತಾರೆ ಗುರು? ನಿಮ್ಮ ಚಿಕ್ಕಪ್ಪನ ಮಗ.

ಬಗ್_ಭೈರ: "ರಿಫಂಡ್ ಅವರದು" ಅಂತೆ! ರಿಫಂಡ್ ಆದ್ರೆ ಡೆವಲಪರ್ ಪಾಲೂ ಹೋಗುತ್ತೆ ಸ್ವಾಮಿ. ಕೊಂಡು 14 ದಿನದೊಳಗೆ, 2 ಗಂಟೆಗಿಂತ ಕಮ್ಮಿ ಆಡಿದ್ರೆ ಪೂರ್ತಿ ವಾಪಸ್. ಪುಟ್ಟ, ನಿಮ್ ಗೇಮ್ ಎಷ್ಟು ಹೊತ್ತಿಂದು?

ಪಿಕ್ಸೆಲ್_ಪುಟ್ಟ: ಒಂದೂವರೆ ಗಂಟೆ ಆಗುತ್ತೆ.

ಬಗ್_ಭೈರ: ಮುಗೀತು. ಕಾಡುಗೋಡೀಲಿ ಇಳಿದು ಟಿಕೆಟ್ ದುಡ್ಡು ವಾಪಸ್ ಕೇಳ್ತಾರೆ. ಮತ್ತೆ ಆ ಶೇ. 30 ಎಲ್ಲರಿಗೂ ಅಲ್ಲ. 1 ಕೋಟಿ ಡಾಲರ್ ದಾಟಿದ ಗೇಮಿಗೆ 25, 5 ಕೋಟಿ ದಾಟಿದ್ರೆ 20. 2018ರಿಂದ ಹಿಂಗೇ. ಇಲ್ಲದೋನಿಗೆ ಜಾಸ್ತಿ, ಇದ್ದೋನಿಗೆ ಕಮ್ಮಿ. ಇನ್ನೊಂದು ಗೇಮ್ ಅಂಗಡಿ ಇದೆಯಲ್ಲ ಎಪಿಕ್, ಅವರು ವರ್ಷಕ್ಕೆ ಮೊದಲ 10 ಲಕ್ಷ ಡಾಲರ್‌ವರೆಗೂ ಒಂದು ಪೈಸೆ ಮುಟ್ಟಲ್ಲ.

ಹಳೇ_ಗೇಮರ್: ಎಪಿಕ್‌ನಲ್ಲಿ ದುಡ್ಡು ಕೊಟ್ಟು ಗೇಮ್ ಕೊಂಡೋರು ಯಾರಿದೀರಾ, ಕೈ ಎತ್ತಿ. ಫ್ರೀ ಕೊಟ್ಟಿದ್ದನ್ನ ಕ್ಲೈಮ್ ಮಾಡಿ ಮರೆತೋರು ಬೇಡ.

ಇಂದಿರಾನಗರ_ಇಂಡೀ: ಕ್ಯೂಆರ್ ಹಾಕಿ ಪುಟ್ಟ, ಇವರ ಮಾತು ಕೇಳ್ಬೇಡಿ. 2020ರ ಜನವರಿಯಿಂದ ಯುಪಿಐಗೆ ಎಂಡಿಆರ್, ಅಂದ್ರೆ ಮಾರೋರಿಂದ ಹಿಡಿಯೋ ಪೇಮೆಂಟ್ ಶುಲ್ಕ, ಸೊನ್ನೆ. 249 ಕಳಿಸಿದ್ರೆ 249 ಅಕೌಂಟಿಗೆ. ನನ್ನ ಆರ್ಟ್ ಪ್ಯಾಕ್‌ಗಳನ್ನ ನಾನು ಹಿಂಗೇ ಮಾರೋದು. ಸ್ಕ್ರೀನ್‌ಶಾಟ್ ಕಳಿಸ್ತಾರೆ, ನಾನು ಲಿಂಕ್ ಕಳಿಸ್ತೀನಿ.

ಹಳೇ_ಗೇಮರ್: "ಸ್ಕ್ರೀನ್‌ಶಾಟ್ ಕಳಿಸ್ತಾರೆ"! ಹಸಿರು ಟಿಕ್ ತೋರಿಸೋ ಫೇಕ್ ಆ್ಯಪ್ ಬಂದು ಕಾಲ ಆಯ್ತು ಮೇಡಂ. ಎಳನೀರು ಗಾಡಿಯವರೂ ಸೌಂಡ್‌ಬಾಕ್ಸ್ ಯಾಕೆ ಇಟ್ಕೊಂಡಿದಾರೆ ಅಂದ್ಕೊಂಡ್ರಿ? ಅದಿರ್ಲಿ, ಅಮೆರಿಕದಲ್ಲಿ ಕೂತಿರೋನು ನಿಮ್ಮ ಕ್ಯೂಆರ್‌ಗೆ ಹೇಗೆ ಪೇ ಮಾಡ್ತಾನೆ?

ಇಂದಿರಾನಗರ_ಇಂಡೀ: ಸ್ಕ್ರೀನ್‌ಶಾಟ್ ನೋಡಿ ನಂಬ್ತೀನಿ ಅಂತ ಎಲ್ಲಿ ಹೇಳ್ದೆ? ಅದರಲ್ಲಿ ಪ್ರತಿ ಪೇಮೆಂಟಿಗೂ ಬೇರೆ ಬೇರೆ ಇರೋ ಯುಟಿಆರ್ ನಂಬರನ್ನ ಬ್ಯಾಂಕ್ ಆ್ಯಪಲ್ಲಿ ತಾಳೆ ಹಾಕ್ತೀನಿ. ಪುಟ್ಟ ಕೇಳಿದ್ದು ಇಲ್ಲಿನ ಕಾಲೇಜು ಹುಡುಗರ ಬಗ್ಗೆ, ಅಮೆರಿಕದ ಬಗ್ಗೆ ಅಲ್ಲ.

ಮಲ್ಲೇಶ್ವರಂ_ಸಿಎ: ಮೇಡಂ, "249 ಕಳಿಸಿದ್ರೆ 249 ಅಕೌಂಟಿಗೆ" ಅಂತೆಲ್ಲ ನಾಲ್ಕು ಜನರ ಮುಂದೆ ಬರೀಬೇಡಿ. 2025ರ ಜುಲೈ ಮರೆತುಹೋಯ್ತಾ? ವಾಣಿಜ್ಯ ತೆರಿಗೆ ಇಲಾಖೆ 2021-22ರಿಂದ ಆಚೆಗಿನ ಯುಪಿಐ ಲೆಕ್ಕ ತೆಗೆದು ಬೇಕರಿ, ಕಾಂಡಿಮೆಂಟ್ಸ್‌ಗಳಿಗೆಲ್ಲ ನೋಟಿಸ್ ಕೊಡ್ತು. ಗೇಮ್ ಅಂದ್ರೆ ಸೇವೆ, ವರ್ಷಕ್ಕೆ 20 ಲಕ್ಷ ದಾಟಿದ್ರೆ ಜಿಎಸ್‌ಟಿ ನೋಂದಣಿ ಆಗಲೇಬೇಕು. ಹೊರದೇಶದಿಂದ ಬಂದ ದುಡ್ಡೂ ಆ 20 ಲಕ್ಷದೊಳಗೇ ಎಣಿಕೆ.

ಬಗ್_ಭೈರ: 20 ಲಕ್ಷ ಆಗೋಕೆ 249ರ ಗೇಮ್ 8,000ಕ್ಕೂ ಜಾಸ್ತಿ ಹೋಗ್ಬೇಕು. ಪುಟ್ಟಂಗೆ ಆ ಯೋಗ ಬರ್ಲಿ, ಆಮೇಲೆ ಹೆದರಿಸಿ. ಆ ನೋಟಿಸ್ ಕಥೆ ಮಾತ್ರ ಎತ್ತಬೇಡಿ ಸಾರ್. ಹಾವೇರಿಯ ತರಕಾರಿ ವ್ಯಾಪಾರಿಗೆ 29 ಲಕ್ಷ ಕಟ್ಟು ಅಂದ್ರು. ತರಕಾರಿಗೆ ಜಿಎಸ್‌ಟಿ ಇದೆಯಾ?

ಮಲ್ಲೇಶ್ವರಂ_ಸಿಎ: "ಕಟ್ಟು ಅಂದ್ರು" ಅಲ್ಲ, ವಿವರಣೆ ಕೇಳಿದ್ರು. ತೆರಿಗೆ ಇಲ್ಲದ ಮಾಲು ಅಂತ ದಾಖಲೆ ಸಮೇತ ಉತ್ತರ ಕೊಟ್ರೆ ಮುಗೀತು. ನೋಟಿಸ್ ಬೇರೆ, ಡಿಮ್ಯಾಂಡ್ ಬೇರೆ.

ಬಗ್_ಭೈರ: ತರಕಾರಿ ಗಾಡಿಯವನು ಯಾವ ದಾಖಲೆ ಇಟ್ಕೊಂಡಿರ್ತಾನೆ ಸಾರ್, ಕೊತ್ತಂಬರಿ ಸೊಪ್ಪಿನ ಇನ್‌ವಾಯ್ಸಾ? ಅಂಗಡಿಗಳೆಲ್ಲ "ನೋ ಯುಪಿಐ, ಓನ್ಲಿ ಕ್ಯಾಶ್" ಅಂತ ಬೋರ್ಡ್ ಹಾಕಿ, ಬಂದ್ ಮಾಡ್ತೀವಿ ಅಂದ ಮೇಲೆ ತಾನೇ ಹಳೇ ಬಾಕಿ ಕೇಳಲ್ಲ ಅಂತ ಮುಖ್ಯಮಂತ್ರಿಗಳು ಹೇಳಿದ್ದು? ಸರಿಯಾಗೇ ಇದ್ದಿದ್ರೆ ಯಾಕೆ ಬಿಟ್ರು?

ಮಲ್ಲೇಶ್ವರಂ_ಸಿಎ: ಬಿಟ್ಟಿದ್ದು ರಾಜಕೀಯ. ಮಾಲಿಗೆ ಮಿತಿ 20 ಅಲ್ಲ, 40 ಲಕ್ಷ. ವರ್ಷಕ್ಕೆ ಅದರ ಮೇಲೆ ಮಾರಿ ನೋಂದಣಿ ಇಲ್ಲದೆ ಕೂರೋದು ಬಡತನ ಅಲ್ಲ.

ಬಸವನಗುಡಿ_ಬೆಣ್ಣೆ: ಸುಮ್ನೆ ಓದ್ಕೊಂಡು ಹೋಗೋಣ ಅಂತಿದ್ದೆ, "ಬಡತನ ಅಲ್ಲ" ಅನ್ನೋದು ನೋಡಿ ಮೈ ಉರೀತು. ನಮ್ಮಪ್ಪಂದು ಕಾಂಡಿಮೆಂಟ್ಸ್. ಬೆಳಗ್ಗೆ ಹಾಲಿನ ಪ್ಯಾಕೆಟ್, ಆಮೇಲೆ ಇಡೀ ದಿನ ಸಿಗರೇಟು, ಬನ್ನು. ನೂರು ರೂಪಾಯಿ ವ್ಯಾಪಾರ ಆದ್ರೆ ಕೈಲಿ ಉಳಿಯೋದು ಚಿಲ್ಲರೆ. ಅದೇ ಕ್ಯೂಆರ್‌ಗೆ ಚೀಟಿ ದುಡ್ಡು ಬರುತ್ತೆ, ಭಾವ ಕೊಟ್ಟ ಸಾಲ ಬರುತ್ತೆ, ಪಕ್ಕದ್ಮನೆಯವರು ಗೂಗಲ್ ಪೇ ಮಾಡಿ ಕ್ಯಾಶ್ ಇಸ್ಕೊಂಡು ಹೋಗ್ತಾರೆ. ಎಲ್ಲಾ ಕೂಡಿಸಿ 40 ಲಕ್ಷದ ಸಾಹುಕಾರ ಅಂದ್ರೆ ಹೆಂಗೆ ಸಾರ್? ಮಲ್ಲೇಶ್ವರದಲ್ಲಿ ಎಸಿ ಆಫೀಸಲ್ಲಿ ಕೂತು ಮಾತಾಡೋದು ಸುಲಭ.

ಮಲ್ಲೇಶ್ವರಂ_ಸಿಎ: "ಅದೇ ಕ್ಯೂಆರ್‌ಗೆ." ನಾನೂ ಅದನ್ನೇ ಹೇಳ್ತಿರೋದು. ವ್ಯಾಪಾರಕ್ಕೆ ಬೇರೆ ಕರೆಂಟ್ ಅಕೌಂಟ್ ಇಡಿ. ನನ್ನ ಆಫೀಸಲ್ಲಿ ಎಸಿ ಇಲ್ಲ.

ಪಿಕ್ಸೆಲ್_ಪುಟ್ಟ: ಅಣ್ಣಂದಿರಾ, ಗೇಮ್... ನಮ್ಮದೇ ಪೇಜಲ್ಲಿ ಆಟೋಮ್ಯಾಟಿಕ್ಕಾಗಿ ಲಿಂಕ್ ಹೋಗ್ಲಿ ಅಂತ ಒಂದು ಪೇಮೆಂಟ್ ಗೇಟ್‌ವೇಗೂ ಅರ್ಜಿ ಹಾಕಿದ್ವಿ. ಬಿಸಿನೆಸ್ ಯಾವುದು ಅನ್ನೋ ಕಡೆ "ಗೇಮಿಂಗ್" ಅಂತ ಆರಿಸಿದ್ದಕ್ಕೆ ರಿಜೆಕ್ಟ್. ರಮ್ಮಿ ಗಿಮ್ಮಿ ಅಂದ್ಕೊಂಡ್ರೇನೋ.

ವಿಜಯನಗರ_ವಿಕ್ಕಿ: ಗೇಮಿಂಗ್ ಅಂದ್ರೆ ಶೇ. 28 ಜಿಎಸ್‌ಟಿ ಅಲ್ವಾ? ಅದನ್ನ ಯಾರೂ ಹೇಳ್ಲೇ ಇಲ್ಲ.

ಇಂದಿರಾನಗರ_ಇಂಡೀ: ಅದು ದುಡ್ಡು ಕಟ್ಟಿ ಆಡೋ ಆಟಕ್ಕೆ, 2023ರ ಅಕ್ಟೋಬರ್‌ನಲ್ಲಿ ಬಂದಿದ್ದು. ಆಮೇಲೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಕಾನೂನು ಮಾಡಿ ಅಂಥ ಆಟವನ್ನೇ ನಿಷೇಧ ಮಾಡ್ತು. ಒಂದು ಸಲ ಕೊಂಡು ಆಡೋ ವಿಡಿಯೋ ಗೇಮ್‌ಗೂ ಅದಕ್ಕೂ ಸಂಬಂಧವೇ ಇಲ್ಲ. ಪುಟ್ಟ, "ಸಾಫ್ಟ್‌ವೇರ್" ಅಂತ ಹಾಕಿ ಇನ್ನೊಂದು ಸಲ ಅರ್ಜಿ ಕೊಡಿ. ಇಲ್ಲಾಂದ್ರೆ ಹೀಗೆ ಮಾಡಿ: ಸ್ಟೀಮಲ್ಲೂ ಹಾಕಿ, ಅಲ್ಲಿಂದ ಕೀ (ಸ್ಟೀಮಲ್ಲಿ ಹಾಕಿದ್ರೆ ಗೇಮ್ ಸಿಗೋ ಕೋಡ್) ತೆಗೆದು ನಿಮ್ಮ ಪೇಜಲ್ಲಿ ಯುಪಿಐಗೆ ಮಾರಿ. ಕೀ ಮಾರಿದ್ದರಲ್ಲಿ ಸ್ಟೀಮ್ ಪಾಲು ಕೇಳಲ್ಲ. ಸ್ಟೀಮಲ್ಲಿ ಕೊಳ್ಳೋರಿಗಿಂತ ಅಗ್ಗಕ್ಕೆ ಕೊಡಬಾರದು, ಅಷ್ಟೇ.

ಹಳೇ_ಗೇಮರ್: "ಸ್ಟೀಮಲ್ಲೂ ಹಾಕಿ." ಅಂತೂ ಬಂದ್ರಿ ದಾರಿಗೆ. ಮೊದಲನೇ ಕಾಮೆಂಟಲ್ಲೇ ಹೇಳಿದ್ದೆ.

ಇಂದಿರಾನಗರ_ಇಂಡೀ: ನೀವು ಹೇಳಿದ್ದು ಶೇ. 30 ಕೊಡು ಅಂತ. ನಾನು ಹೇಳ್ತಿರೋದು ಕೊಡ್ಬೇಡ ಅಂತ.

ಮಲ್ಲೇಶ್ವರಂ_ಸಿಎ: ಪುಟ್ಟ, ಲೆಕ್ಕ ಬರ್ಕೊಳ್ಳಿ. ಸ್ಟೀಮ್ ಮೂಲಕ ಹೋದ 249ರಲ್ಲಿ ಶೇ. 18ರ ಜಿಎಸ್‌ಟಿ ಸುಮಾರು 38 ರೂಪಾಯಿ ಅವರೇ ಕಟ್ಟಿಬಿಡ್ತಾರೆ. ಉಳಿದ 211ರಲ್ಲಿ 63 ಅವರಿಗೆ, 148 ನಿಮಗೆ. ಅಮೆರಿಕದಲ್ಲಿ ಆದ ಮಾರಾಟಕ್ಕೆ ಅಲ್ಲೂ ತೆರಿಗೆ ಹಿಡೀತಾರೆ, ಅದು ಕಮ್ಮಿ ಆಗೋಕೆ ಡಬ್ಲ್ಯು-8 ಅನ್ನೋ ಅಲ್ಲಿನ ತೆರಿಗೆ ಫಾರ್ಮ್‌ನಲ್ಲಿ ಭಾರತದ ತೆರಿಗೆ ಒಪ್ಪಂದ ತೋರಿಸಿ. ನೋಡಿ, ಹೊರದೇಶದ ಕಂಪನಿ ಇಷ್ಟು ನೀಟಾಗಿ ಲೆಕ್ಕ ಇಡುತ್ತೆ, ನಮ್ಮ ಏರಿಯಾ ಬೇಕರಿಗೆ ಆಗಲ್ವಂತೆ.

ಬಸವನಗುಡಿ_ಬೆಣ್ಣೆ: ಹಾಲಿನ ಪ್ಯಾಕೆಟ್ಟಲ್ಲಿ ನಮ್ಮಪ್ಪಂಗೂ ಶೇ. 30 ಇಟ್ಕೊಳ್ಳೋಕೆ ಬಿಡಿ ಸಾರ್, ನಿಮ್ಮನ್ನೇ ಅಕೌಂಟೆಂಟ್ ಇಟ್ಕೋತೀವಿ.

ಬಗ್_ಭೈರ: 🔥

ಮಲ್ಲೇಶ್ವರಂ_ಸಿಎ: ಫೀಸ್ ಯುಪಿಐಲಿ ತಗೋತೀನಿ. ಬಿಲ್ ಸಮೇತ.

ಪಿಕ್ಸೆಲ್_ಪುಟ್ಟ: ಫ್ರೆಂಡ್ ಹತ್ರ ಮಾತಾಡ್ದೆ. ಸ್ಟೀಮ್ ಜೊತೆಗೆ ಕೀ, ಎರಡೂ ಮಾಡ್ತೀವಿ. ಬೆಲೆ ಎರಡು ಕಡೆಯೂ 249.

ವಿಜಯನಗರ_ವಿಕ್ಕಿ: ಒಂದೂವರೆ ಗಂಟೆ ಗೇಮಿಗೆ 249 ಜಾಸ್ತಿ ಆಯ್ತು ಬ್ರೋ. ಸೇಲ್ ಯಾವಾಗ?