ರೀಸೈಜ್ ಮಾಡಿದ .308 ಕೇಸ್ ಮೇಲೆ ಬೋಲ್ಟ್ ಮುಚ್ಚುತ್ತಿಲ್ಲ

ಟೆಕ್ಸಾಸ್_ಕೋವಿ
ನಮಸ್ಕಾರ. ಟೆಕ್ಸಾಸ್‌ನಲ್ಲಿದ್ದೇನೆ, ರೀಲೋಡಿಂಗ್ (ಹೊಡೆದ ಕೇಸಿಗೆ ಮತ್ತೆ ಮದ್ದು, ಬುಲೆಟ್ ತುಂಬುವುದು) ಶುರು ಮಾಡಿ ಮೂರು ತಿಂಗಳಾಯಿತು. ರೈಫಲ್ ಬೋಲ್ಟ್ ಆಕ್ಷನ್, .308 ವಿಂಚೆಸ್ಟರ್. ಇದೇ ರೈಫಲ್‌ನಲ್ಲಿ ಹೊಡೆದ ಖಾಲಿ ಕೇಸನ್ನು (ತೋಟಾದ ಹಿತ್ತಾಳೆ ಕವಚ) ಹಾಗೇ ಚೇಂಬರ್‌ಗೆ ಹಾಕಿದರೆ ಬೋಲ್ಟ್ ಸ್ವಲ್ಪ ಬಿಗಿಯಾದರೂ ಮುಚ್ಚುತ್ತದೆ. ಫುಲ್ ಲೆಂತ್ ಡೈಯಲ್ಲಿ (ಪ್ರೆಸ್ ಯಂತ್ರಕ್ಕೆ ಕೂರಿಸಿದ, ಉಬ್ಬಿದ ಕೇಸನ್ನು ಮತ್ತೆ ಅಳತೆಗೆ ತರುವ ಅಚ್ಚು) ಒತ್ತಿ ತೆಗೆದ ಮೇಲೆ ಅಂಗೈಯಿಂದ ಗುದ್ದಬೇಕು! ಚಿಕ್ಕದಾಗಬೇಕಾದ್ದು ದೊಡ್ಡದಾಗಿದೆ, ಏನಿದು ವಿಚಿತ್ರ? ಡೈಯನ್ನು ಕೆಳಗೆ ಕೇಸಿನ ಬುಡ ಹಿಡಿಯುವ ಶೆಲ್ ಹೋಲ್ಡರ್‌ಗೆ ತಾಗುವವರೆಗೂ ಇಳಿಸಿದ್ದೇನೆ. ನೋಡದೆ 20 ತೋಟಾ ತುಂಬಿಯೂ ಬಿಟ್ಟಿದ್ದೇನೆ.

ಕಾಫಿತೋಟ
ಕೇಸ್ ಉದ್ದ ಆಗಿರಬೇಕು. 2.005 ಇಂಚಿಗೆ ಟ್ರಿಮ್ ಮಾಡಿ ನೋಡಿ.

ಟೆಕ್ಸಾಸ್_ಕೋವಿ
ಅಳೆದೆ ಸಾರ್, 2.009 ಇದೆ. ಗರಿಷ್ಠ 2.015 ಅಲ್ವಾ?

ಪೀಣ್ಯ_ಲೇತ್
ಹಾಗಾದರೆ ಟ್ರಿಮ್ ವಿಷಯ ಬಿಡಿ. ನಿಮ್ಮ ಕೇಸಿನ ಭುಜ (ಹೊಟ್ಟೆ ಸಣ್ಣದಾಗಿ ಕತ್ತಿಗೆ ಸೇರುವ ಇಳಿಜಾರು) ಮುಂದೆ ಹೋಗಿದೆ.

ಉದ್ದ ಬಲೂನನ್ನು ಪಕ್ಕದಿಂದ ಹಿಸುಕಿದರೆ ತುದಿ ಮುಂದಕ್ಕೆ ಉಬ್ಬುತ್ತದಲ್ಲ, ಇದೂ ಹಾಗೇ. ಡೈ ಮೊದಲು ಕೇಸಿನ ಹೊಟ್ಟೆ ಒತ್ತುತ್ತದೆ. ಹಿತ್ತಾಳೆ ಎಲ್ಲಿಗೆ ಹೋಗಬೇಕು? ಭುಜವನ್ನು ಮುಂದಕ್ಕೆ ತಳ್ಳುತ್ತದೆ. ಡೈ ಇನ್ನೂ ಸ್ವಲ್ಪ ಕೆಳಗೆ ಬಂದರೆ ಮಾತ್ರ ಅದೇ ಭುಜವನ್ನು ವಾಪಸ್ ಕೂರಿಸುತ್ತದೆ. ನೀವು ಮಧ್ಯದಲ್ಲೇ ನಿಲ್ಲಿಸಿದ್ದೀರಿ.

‘ತಾಗಿಸಿದ್ದೇನೆ’ ಅಂದಿರಿ, ಅದು ಖಾಲಿ ಪ್ರೆಸ್‌ನಲ್ಲಿ. ಕೇಸ್ ಒಳಗಿದ್ದಾಗ ಪ್ರೆಸ್ ಸ್ವಲ್ಪ ಬಾಗುತ್ತದೆ. ಹಿಡಿ ಪೂರ್ತಿ ಒತ್ತಿ, ಹಿಂದೆ ಟಾರ್ಚ್ ಹಿಡಿದು ನೋಡಿ. ಡೈಗೂ ಶೆಲ್ ಹೋಲ್ಡರ್‌ಗೂ ನಡುವೆ ಬೆಳಕು ಕಾಣುತ್ತಾ? ಇನ್ನೊಂದು, ಕೇಸ್ ಹೊರಗೆ ಬರುವಾಗ ಕೀಂಯ್ ಅನ್ನುತ್ತಾ?

ಟೆಕ್ಸಾಸ್_ಕೋವಿ
ಬೆಳಕು ಕಾಣುತ್ತದೆ, ಕೂದಲೆಳೆಯಷ್ಟು. ಕೀಂಯ್ ಜೋರಾಗೇ ಇದೆ, ಗರಾಜ್ ಪೂರ್ತಿ ಕೇಳಿಸುತ್ತದೆ. ಕಂಪ್ಯಾರೇಟರ್‌ನಲ್ಲಿ (ಬುಡದಿಂದ ಭುಜದವರೆಗಿನ ಅಳತೆ ತೋರಿಸುವ ಸಾಧನ) ಭುಜ ಅಳೆದೆ: ಹೊಡೆದ ಕೇಸ್ 1.631, ರೀಸೈಜ್ ಆದದ್ದು 1.635.

ಪೀಣ್ಯ_ಲೇತ್
ನಾಲ್ಕು ಥೌ ಬೆಳೆದಿದೆ. (ಥೌ ಅಂದರೆ ಇಂಚಿನ ಸಾವಿರದಲ್ಲೊಂದು ಪಾಲು, ನಮ್ಮ ವರ್ಕ್‌ಶಾಪ್ ಭಾಷೆ.) ಕೀಂಯ್ ಅನ್ನುವುದು ಎಕ್ಸ್‌ಪ್ಯಾಂಡರ್ ಗುಂಡು, ಅಂದರೆ ಡೈ ಒಳಗಿನ ಕಡ್ಡಿಯಲ್ಲಿರುವ, ಕತ್ತನ್ನು ಒಳಗಿಂದ ಅಗಲಿಸುವ ಉಂಡೆ. ಕತ್ತಿನ ಒಳಗೆ ಲೂಬ್ (ಜಾರಲು ಹಚ್ಚುವ ಜಿಡ್ಡು) ಇಲ್ಲದಿದ್ದರೆ ಅದು ಹೊರಬರುವಾಗ ಕತ್ತು, ಭುಜ ಎರಡನ್ನೂ ಎಳೆಯುತ್ತದೆ. ಡೈ ಒಳಗಿನ ಕಡ್ಡಿ ತೆಗೆದು ಒಂದೇ ಒಂದು ಕೇಸ್ ಒತ್ತಿ ಅಳೆಯಿರಿ.

ಟೆಕ್ಸಾಸ್_ಕೋವಿ
1.633! ಅಂದರೆ ಎರಡು ಥೌ ಗುಂಡಿನ ಕೆಲಸ, ಎರಡು ಡೈ ಕೆಲಸ?

ಪೀಣ್ಯ_ಲೇತ್
ಹೌದು. ಕತ್ತಿನ ಒಳಗೆ ಕಿವಿಗೆ ಹಾಕೋ ಹತ್ತಿಕಡ್ಡಿಯಿಂದ ಲೂಬ್ ಸವರಿ. ಹೊರಗೆ ಜಾಸ್ತಿ ಬಳಿಯಬೇಡಿ, ಭುಜದ ಮೇಲೆ ಗುಳಿ ಬೀಳುತ್ತದೆ.

ಈಗ ಡೈ. ನಿಮ್ಮ ಗುರಿ 1.629, ಅಂದರೆ ಹೊಡೆದ ಅಳತೆಗಿಂತ ಎರಡು ಥೌ ಕಡಿಮೆ. ಡೈ ಮೇಲಿನ ತಿರುಪು ಇಂಚಿಗೆ 14 ಸುತ್ತು. ಒಂದು ಸುತ್ತಿಗೆ ಸುಮಾರು 71 ಥೌ ಇಳಿಯುತ್ತದೆ. ಹಾಗಾಗಿ 10 ಡಿಗ್ರಿಗೆ ಎರಡು ಥೌ. 1.633ರಿಂದ ನಾಲ್ಕು ಥೌ ಇಳಿಸಬೇಕು, ಲೆಕ್ಕಕ್ಕೆ 20 ಡಿಗ್ರಿ ಬರುತ್ತದೆ, ಆದರೆ ಪ್ರೆಸ್ ಬಾಗುವುದರಿಂದ ಇನ್ನೂ ಸ್ವಲ್ಪ ಬೇಕಾಗಬಹುದು. ಡೈ ಮೇಲೆ ಮಾರ್ಕರ್ ಗೆರೆ ಎಳೆದು ಸ್ವಲ್ಪ ಸ್ವಲ್ಪವೇ ಇಳಿಸಿ. ಪ್ರತಿ ಸಲ ಬೇರೆ ಕೇಸ್ ತಗೊಳ್ಳಿ. ಒತ್ತಿದ್ದನ್ನೇ ಮತ್ತೆ ಒತ್ತಿದರೆ ಅಳತೆ ಸುಳ್ಳು ಹೇಳುತ್ತದೆ. ಬೋಲ್ಟ್‌ನಲ್ಲಿ ಖಾಲಿ ಕೇಸ್ ಮಾತ್ರ ಹಾಕಿ ನೋಡಿ, ಆಗುವುದಾದರೆ ಫೈರಿಂಗ್ ಪಿನ್ ಮತ್ತು ಕೇಸನ್ನು ಹೊರಗೆ ಎಸೆಯುವ ಎಜೆಕ್ಟರ್ ತೆಗೆದು.

‘ಸಡಿಲ ಇದ್ದಷ್ಟೂ ಒಳ್ಳೇದು’ ಅಂತ ಸುಮ್ನೆ ಕೆಳಗೆ ತಿರುಗಿಸುತ್ತಾ ಹೋಗಬೇಡಿ. ಭುಜ ಅತಿಯಾಗಿ ಹಿಂದೆ ಹೋದರೆ ಪ್ರತಿ ಈಡಿಗೂ ಕೇಸಿನ ಗೋಡೆ ಬುಡದ ಹತ್ತಿರ ಎಳೆದು ತೆಳುವಾಗುತ್ತದೆ, ಕೊನೆಗೆ ತುಂಡಾಗುತ್ತದೆ. ಪೇಪರ್ ಕ್ಲಿಪ್ ಬಿಡಿಸಿ ತುದಿ ಬಗ್ಗಿಸಿ, ಕೇಸಿನ ಒಳಗೋಡೆ ಕೆರೆಯುತ್ತಾ ಬನ್ನಿ. ಬುಡದ ಸ್ವಲ್ಪ ಮೇಲೆ ಹಳ್ಳ ಸಿಕ್ಕರೆ ಆ ಕೇಸ್ ಗುಜರಿಗೆ.

ತುಂಬಿದ 20 ತೋಟಾಗಳನ್ನು ಗುದ್ದಿ ಮುಚ್ಚಬೇಡಿ, ಡೈಗೂ ಹಾಕಲೇಬೇಡಿ. ಬುಲೆಟ್ ಕಿತ್ತು ಬಿಚ್ಚಿ.

ಕಾಫಿತೋಟ
ನನ್ನ ಟ್ರಿಮ್ ಸಲಹೆ ವಾಪಸ್ 😄 ಅಜ್ಜನ ತೋಟಾ ಕೋವಿ ನೋಡಿ ಬೆಳೆದವನು, ಈ ಥೌ ಲೆಕ್ಕವೆಲ್ಲ ಹೊಸದು. ಊರಲ್ಲಿರೋರು ಓದಿ ಖುಷಿಪಡಿ ಸಾಕು. ಇಲ್ಲಿ 1959ರ ಆಯುಧ ಕಾಯ್ದೆ ಪ್ರಕಾರ ಮದ್ದುಗುಂಡು ತಯಾರಿಸಲು ಲೈಸೆನ್ಸ್ ಬೇಕು.

ಟೆಕ್ಸಾಸ್_ಕೋವಿ
25 ಡಿಗ್ರಿಗೆ 1.629 ಬಂತು. ಬೋಲ್ಟ್ ಹಿಡಿ ತನ್ನ ಭಾರಕ್ಕೇ ಇಳಿಯುತ್ತಿದೆ, ಕೀಂಯ್ ಸದ್ದೂ ಇಲ್ಲ. ಥ್ಯಾಂಕ್ಸ್ ಗುರುಗಳೇ. ಈಗ ಸುತ್ತಿಗೆ ಥರದ ಪುಲ್ಲರ್ ಹಿಡಿದು ಕುಟ್ಟುತ್ತಾ ಕೂತಿದ್ದೇನೆ. ಏಳು ಮುಗಿಯಿತು. ಮಗು ಎದ್ದಿದೆ, ಉಳಿದ 13 ನಾಳೆಗೆ.